ಲ್ಯಾಪ್‌ಟಾಪಿಗೆ ತನ್ನ ಡಿಸ್ಕ್ ಕಾಣದಾದಾಗ



ಎಂಟು ಹತ್ತು ವರ್ಷ ದುಡಿದ ಲ್ಯಾಪ್‌ಟಾಪ್. ಗುಂಡಿ ಒತ್ತಿದರೆ ದೀಪ ಹೊತ್ತಿಕೊಳ್ಳುತ್ತದೆ. ಫ್ಯಾನ್ ತಿರುಗುತ್ತದೆ. ಆದರೆ ವಿಂಡೋಸ್ ಬರುವುದಿಲ್ಲ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದ ಒಂದೆರಡು ಸಾಲು ಬಂದು ನಿಂತುಬಿಡುತ್ತದೆ. ಎಚ್‌ಪಿ ಯಂತ್ರವಾದರೆ ‘ಬೂಟ್ ಡಿವೈಸ್ ನಾಟ್ ಫೌಂಡ್’ ಎನ್ನುತ್ತದೆ. ಥಿಂಕ್‌ಪ್ಯಾಡ್ ಆದರೆ 2100 ಎಂಬ ಸಂಖ್ಯೆ ತೋರಿಸಿ, ಹಾರ್ಡ್ ಡಿಸ್ಕಿನಲ್ಲಿ ದೋಷವಿದೆ ಎನ್ನುತ್ತದೆ. ಆಪಲ್ ಮ್ಯಾಕ್‌ಬುಕ್ ಮಾತೇ ಆಡುವುದಿಲ್ಲ. ಒಂದು ಫೋಲ್ಡರಿನ ಚಿತ್ರ, ಅದರೊಳಗೊಂದು ಪ್ರಶ್ನಾರ್ಥಕ ಚಿಹ್ನೆ, ಬಿಟ್ಟು ಬಿಟ್ಟು ಮಿನುಗುತ್ತಿರುತ್ತದೆ.

ಇದನ್ನು ಕಂಡವರ ಮನಸ್ಸಿಗೆ ಮೊದಲು ಬರುವುದು ಒಂದೇ ಮಾತು: ಡಿಸ್ಕ್ ಹೋಯಿತು. ಅದರ ಜೊತೆ ಮಗುವಿನ ಮೊದಲ ವರ್ಷದ ಫೋಟೋಗಳು ಹೋದವು, ಪಿಎಚ್‌ಡಿ ಪ್ರಬಂಧ ಹೋಯಿತು, ಊರ ಸಂಘದ ಲೆಕ್ಕಪತ್ರ ಹೋಯಿತು. ಎಷ್ಟೋ ಜನ ಅಲ್ಲಿಂದ ನೇರವಾಗಿ ರಿಪೇರಿ ಅಂಗಡಿಗೆ ನಡೆಯುತ್ತಾರೆ. ಹೊಸ ಡಿಸ್ಕ್ ಹಾಕಿಸುತ್ತಾರೆ, ಹೊಸದಾಗಿ ವಿಂಡೋಸ್ ತುಂಬಿಸುತ್ತಾರೆ, ಹಳೆಯ ಡಿಸ್ಕನ್ನು ಅಲ್ಲೇ ಬಿಟ್ಟು ಬರುತ್ತಾರೆ. ಆ ಹಳೆಯ ಡಿಸ್ಕಿಗೆ ಏನೂ ಆಗಿರದ ಸಂದರ್ಭಗಳೂ ಉಂಟು.

ಇವತ್ತಿನ ವಿಷಯ ಇಷ್ಟೇ. ಡಿಸ್ಕ್ ಕಾಣದಿರುವುದು ಬೇರೆ, ಡಿಸ್ಕ್ ಸತ್ತಿರುವುದು ಬೇರೆ. ಇವೆರಡನ್ನೂ ಬಿಡಿಸಿ ನೋಡುವ ಕ್ರಮವೊಂದಿದೆ. ಅದಕ್ಕೆ ಎಂಜಿನಿಯರಿಂಗ್ ಓದಿರಬೇಕಿಲ್ಲ. ಅವಸರ ಪಡದಿದ್ದರೆ ಸಾಕು.

ಅಂಚೆಯವನು ಮನೆ ಸಿಗಲಿಲ್ಲವೆಂದು ಕಾಗದವನ್ನು ವಾಪಸ್ ತಂದ ಎನ್ನಿ. ಮನೆಯೇ ಬಿದ್ದುಹೋಗಿರಬಹುದು. ಮನೆ ಗಟ್ಟಿಯಾಗಿದ್ದು, ಅಲ್ಲಿಗೆ ಹೋಗುವ ದಾರಿ ಕೊಚ್ಚಿಹೋಗಿರಬಹುದು. ಮನೆಯೂ ದಾರಿಯೂ ಸರಿಯಿದ್ದು, ಬಾಗಿಲ ಮೇಲಿನ ನಂಬರ್ ಮಾತ್ರ ಅಳಿಸಿರಬಹುದು. ಲ್ಯಾಪ್‌ಟಾಪಿನಲ್ಲೂ ಇವೇ ಮೂರು ಸಾಧ್ಯತೆಗಳು. ಡಿಸ್ಕ್ ಕೆಟ್ಟಿರಬಹುದು. ಡಿಸ್ಕಿಗೂ ಮದರ್‌ಬೋರ್ಡಿಗೂ ನಡುವಿನ ಕೇಬಲ್ ಕೆಟ್ಟಿರಬಹುದು. ಸೆಟ್ಟಿಂಗ್ ಅಥವಾ ವಿಂಡೋಸ್ ಕೆಟ್ಟಿರಬಹುದು. ಮೂರಕ್ಕೂ ಪರದೆಯ ಮೇಲೆ ಬರುವ ಸಾಲು ಹೆಚ್ಚುಕಡಿಮೆ ಒಂದೇ. ಪರಿಹಾರ ಮಾತ್ರ ಮೂರಕ್ಕೂ ಬೇರೆ.

ಹುಡುಕಾಟ ಶುರು ಮಾಡುವ ಮೊದಲು ಒಂದು ಎಚ್ಚರಿಕೆ. ಕಾರಣ ತಿಳಿಯುವ ತನಕ ಫಾರ್ಮ್ಯಾಟ್ ಮಾಡಬಾರದು. ವಿಂಡೋಸನ್ನು ಮತ್ತೆ ಇನ್‌ಸ್ಟಾಲ್ ಮಾಡಬಾರದು. ‘ರಿಪೇರಿ’ ಎಂದು ಬರೆದಿರುವ ಗುಂಡಿಗಳನ್ನೆಲ್ಲ ಒತ್ತುತ್ತ ಹೋಗಬಾರದು. ಕಡತಗಳು ಇನ್ನೂ ಅಲ್ಲೇ ಇದ್ದರೆ, ಅವುಗಳ ಮೇಲೆ ಹೊಸದಾಗಿ ಬರೆಯುವ ಯಾವ ಕೆಲಸವೂ ಅವನ್ನು ನಿಜವಾಗಿ ಅಳಿಸಿಹಾಕಬಲ್ಲದು.

ಈಗ ಗುಂಡಿ ಒತ್ತಿದ ಮೇಲೆ ಒಳಗೆ ನಡೆಯುವುದೇನು ನೋಡೋಣ. ಮೊದಲು ಎಚ್ಚರವಾಗುವುದು ವಿಂಡೋಸ್ ಅಲ್ಲ. ಮದರ್‌ಬೋರ್ಡಿನ ಮೇಲಿರುವ ಒಂದು ಸಣ್ಣ ಚಿಪ್ಪಿನಲ್ಲಿ ಬರೆದಿಟ್ಟಿರುವ ತಂತ್ರಾಂಶ. ಹಳೆಯ ಯಂತ್ರಗಳಲ್ಲಿ ಅದಕ್ಕೆ ಬಯಾಸ್ ಎಂದು ಹೆಸರು. 2012ರಲ್ಲಿ ವಿಂಡೋಸ್ 8 ಬಂದ ಕಾಲದಿಂದ ಅದರ ಜಾಗಕ್ಕೆ ಯುಇಎಫ್‌ಐ ಎಂಬುದು ಬಂದಿದೆ. ಅಂಗಡಿಯವರು ಇವತ್ತಿಗೂ ಎರಡನ್ನೂ ಬಯಾಸ್ ಎಂದೇ ಕರೆಯುತ್ತಾರೆ. ಈ ಬಯಾಸ್ ಡಿಸ್ಕಿಗೆ ಒಂದು ಪ್ರಶ್ನೆ ಕಳಿಸುತ್ತದೆ: ನೀನು ಯಾರು? ಡಿಸ್ಕ್ ತನ್ನ ಮಾದರಿಯ ಹೆಸರು, ಕ್ರಮಸಂಖ್ಯೆ, ತನ್ನಲ್ಲಿ ಎಷ್ಟು ಜಾಗವಿದೆ ಎಂಬ ಲೆಕ್ಕ, ಇಷ್ಟನ್ನು ಉತ್ತರವಾಗಿ ಕೊಡುತ್ತದೆ. ಉತ್ತರ ಬಂದರೆ ಬಯಾಸ್ ಆ ಡಿಸ್ಕಿನಿಂದ ವಿಂಡೋಸಿನ ಮೊದಲ ತುಣುಕನ್ನು ಓದಲು ಹೊರಡುತ್ತದೆ.

ಉತ್ತರ ಬರಲು ಹಲವು ಸಂಗತಿಗಳು ಕೂಡಿಬರಬೇಕು. ಡಿಸ್ಕಿಗೆ 5 ವೋಲ್ಟ್ ವಿದ್ಯುತ್ ತಲುಪಬೇಕು. ಅದರ ಮೋಟಾರ್ ತಿರುಗಬೇಕು. ಓದುವ ತಲೆ ತಟ್ಟೆಯ ಮೇಲೆ ಸರಿಯಾದ ಜಾಗಕ್ಕೆ ಹೋಗಬೇಕು. ಡಿಸ್ಕಿನ ಸ್ವಂತ ತಂತ್ರಾಂಶದ ಬಹುಭಾಗ ಆ ತಟ್ಟೆಯ ಮೇಲೇ, ಬಳಕೆದಾರನಿಗೆ ಕಾಣದ ಒಂದು ಪಟ್ಟಿಯಲ್ಲಿ ಬರೆದಿರುತ್ತದೆ. ಅದನ್ನು ಓದಲಾಗದ ಡಿಸ್ಕ್ ಕೆಲವೊಮ್ಮೆ ತಪ್ಪು ಹೆಸರು ಹೇಳುತ್ತದೆ. ಕೆಲವೊಮ್ಮೆ ಜಾಗದ ಲೆಕ್ಕವನ್ನು ಸೊನ್ನೆ ಎನ್ನುತ್ತದೆ.

ಹಾರ್ಡ್ ಡಿಸ್ಕ್ ಎಂಬ ಯಂತ್ರವನ್ನು ಜಗತ್ತಿಗೆ ಮೊದಲು ಕೊಟ್ಟದ್ದು ಐಬಿಎಂ ಕಂಪನಿ, 1956ರಲ್ಲಿ. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ರೂಪುಗೊಂಡ ಆ ಯಂತ್ರದಲ್ಲಿ ಎರಡು ಅಡಿ ಅಗಲದ 50 ತಟ್ಟೆಗಳಿದ್ದವು. ತೂಕ ಒಂದು ಟನ್ನಿಗಿಂತ ಹೆಚ್ಚು. ಹಿಡಿಸುತ್ತಿದ್ದುದು ಸುಮಾರು 50 ಲಕ್ಷ ಅಕ್ಷರ. ಲ್ಯಾಪ್‌ಟಾಪಿನ ಎರಡೂವರೆ ಇಂಚಿನ ಡಿಸ್ಕ್ ಸುಮಾರು 100 ಗ್ರಾಂ ತೂಗುತ್ತದೆ, ಅಂಗೈಯಲ್ಲಿ ಕೂರುತ್ತದೆ. ತಟ್ಟೆ ತಿರುಗುವುದು ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು. ಲೆಕ್ಕ ಹಾಕಿದರೆ ತಟ್ಟೆಯ ಅಂಚು ಗಂಟೆಗೆ ಸುಮಾರು 65 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಓದುವ ತಲೆ ಅದನ್ನು ಮುಟ್ಟುವುದಿಲ್ಲ. ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತಿರುತ್ತದೆ. ನಮ್ಮ ಕೂದಲಿನ ದಪ್ಪ ಅದರ ಸಾವಿರಾರು ಪಟ್ಟು. ಈ ಅಳತೆ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಇಲ್ಲಿಯವರೆಗೆ ಹೇಳಿದ್ದು ಇದು. ಬಯಾಸ್ ಪ್ರಶ್ನೆ ಕೇಳುತ್ತದೆ, ಡಿಸ್ಕ್ ಉತ್ತರ ಕೊಡುತ್ತದೆ. ಹಾಗಾದರೆ ಮೊದಲ ಪರೀಕ್ಷೆ ಯಾವುದು? ಆ ಉತ್ತರ ಬಂದಿದೆಯೇ ಎಂದು ಬಯಾಸನ್ನೇ ಕೇಳುವುದು.

ಲ್ಯಾಪ್‌ಟಾಪನ್ನು ಪೂರ್ತಿ ಆರಿಸಿ, ಮತ್ತೆ ಹಾಕಿದ ಕೂಡಲೇ ಒಂದು ಕೀಲಿಯನ್ನು ಪದೇ ಪದೇ ಒತ್ತಬೇಕು. ಡೆಲ್, ಏಸರ್, ಆಸುಸ್ ಯಂತ್ರಗಳಲ್ಲಿ ಸಾಮಾನ್ಯವಾಗಿ ಎಫ್ 2. ಎಚ್‌ಪಿಯಲ್ಲಿ ಎಫ್ 10. ಥಿಂಕ್‌ಪ್ಯಾಡಿನಲ್ಲಿ ಎಫ್ 1. ತೆರೆದುಕೊಳ್ಳುವ ಪುಟಗಳಲ್ಲಿ ಮೊದಲನೆಯದರಲ್ಲೋ, ‘ಸ್ಟೋರೇಜ್’ ಅಥವಾ ‘ಬೂಟ್’ ಎಂಬ ಪುಟದಲ್ಲೋ ಡಿಸ್ಕಿನ ಹೆಸರಿರಬೇಕು. ಒಂದಷ್ಟು ಇಂಗ್ಲಿಷ್ ಅಕ್ಷರ, ಅಂಕಿ ಬೆರೆತ ಹೆಸರು ಅದು. ಪಕ್ಕದಲ್ಲಿ 500 ಜಿಬಿ ಎಂದೋ 1000 ಜಿಬಿ ಎಂದೋ ಇರಬಹುದು. ಇಂಟೆಲ್ ಕಾಲದ ಹಳೆಯ ಮ್ಯಾಕ್‌ಬುಕ್‌ನಲ್ಲಿ ಇಂಥ ಪುಟ ಇಲ್ಲ. ಅದರಲ್ಲಿ ಆಪ್ಷನ್ ಕೀಲಿಯನ್ನು ಒತ್ತಿ ಹಿಡಿದು ಗುಂಡಿ ಒತ್ತಿದರೆ, ಯಂತ್ರ ಯಾವ ಯಾವ ಡಿಸ್ಕಿನಿಂದ ಏಳಬಹುದೋ ಅವುಗಳ ಚಿತ್ರಗಳು ಸಾಲಾಗಿ ಬರುತ್ತವೆ.

ಇಲ್ಲಿ ಬಹಳ ಜನರನ್ನು ದಾರಿ ತಪ್ಪಿಸುವ ಸಂದೇಶವೊಂದಿದೆ. ಹಳೆಯ ಲ್ಯಾಪ್‌ಟಾಪುಗಳ ಪರದೆಯ ಮೇಲೆ ‘ಪಿಎಕ್ಸ್‌ಇ ಇ 61’ ಎಂಬ ಸಂಕೇತದ ಜೊತೆ ‘ಮೀಡಿಯಾ ಟೆಸ್ಟ್ ಫೇಲ್ಯೂರ್, ಚೆಕ್ ಕೇಬಲ್’ ಎಂದು ಬರುತ್ತದೆ. ಓದಿದವರು ಡಿಸ್ಕಿನ ಕೇಬಲ್ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಅದು ಹೇಳುತ್ತಿರುವುದು ನೆಟ್‌ವರ್ಕ್ ಕೇಬಲ್ ವಿಚಾರ. ಡಿಸ್ಕಿನಿಂದ ಏಳಲಾಗದ ಯಂತ್ರ, ನೆಟ್‌ವರ್ಕಿನ ಮೂಲಕವಾದರೂ ವಿಂಡೋಸ್ ಸಿಗುತ್ತದೆಯೇ ಎಂದು ಹುಡುಕಿ, ಅಲ್ಲಿ ತಂತಿಯನ್ನೇ ಚುಚ್ಚಿಲ್ಲ ಎಂದು ವರದಿ ಮಾಡುತ್ತಿದೆ. ಡಿಸ್ಕಿನ ಬಗ್ಗೆ ಆ ಸಂದೇಶದಿಂದ ತಿಳಿಯುವುದು ಒಂದೇ: ಅದರಿಂದ ಏಳಲು ಯಂತ್ರಕ್ಕೆ ಆಗಲಿಲ್ಲ. ಏಕೆ ಎಂಬುದು ಇನ್ನೂ ಗೊತ್ತಿಲ್ಲ.

ಈಗ ದಾರಿ ಎರಡಾಗುತ್ತದೆ. ಬಯಾಸಿನಲ್ಲಿ ಡಿಸ್ಕಿನ ಹೆಸರು ಇದೆ, ಅಥವಾ ಇಲ್ಲ.

ಇದೆ ಎನ್ನುವ ದಾರಿಯನ್ನು ಮೊದಲು ಹಿಡಿಯೋಣ. ಹೆಸರೂ ಗಾತ್ರವೂ ಸರಿಯಾಗಿದ್ದರೆ ಮುಕ್ಕಾಲು ಭಯ ಬಿಡಬಹುದು. ಡಿಸ್ಕಿಗೆ ವಿದ್ಯುತ್ ಹೋಗುತ್ತಿದೆ, ಕೇಬಲ್ ಮಾತಾಡುತ್ತಿದೆ, ಡಿಸ್ಕ್ ಉತ್ತರ ಕೊಡುತ್ತಿದೆ. ಆಗ ನೋಡಬೇಕಾದ್ದು ಸಣ್ಣಪುಟ್ಟ ಸಂಗತಿಗಳನ್ನು. ಯುಎಸ್‌ಬಿ ಕಿಂಡಿಯಲ್ಲಿ ಪೆನ್‌ಡ್ರೈವ್ ಸಿಕ್ಕಿಕೊಂಡಿದೆಯೇ? ಯಂತ್ರ ಅದರಿಂದ ಏಳಲು ಹೋಗಿ ಸೋತಿರಬಹುದು. ಯಾವುದರಿಂದ ಮೊದಲು ಏಳಬೇಕು ಎಂಬ ಪಟ್ಟಿಯಲ್ಲಿ ಡಿಸ್ಕ್ ಕೆಳಗೆ ಜಾರಿದೆಯೇ? ‘ಲೆಗಸಿ’ ಮತ್ತು ‘ಯುಇಎಫ್‌ಐ’ ಎಂಬ ಎರಡು ಆಯ್ಕೆಗಳಲ್ಲಿ ಒಂದು ಅದಲುಬದಲಾಗಿದೆಯೇ? ಹಳೆಯ ರೀತಿಯಲ್ಲಿ ಇನ್‌ಸ್ಟಾಲ್ ಮಾಡಿದ ವಿಂಡೋಸ್ ಹೊಸ ರೀತಿಯ ಆಯ್ಕೆಯಲ್ಲಿ ಏಳುವುದಿಲ್ಲ.

ಯಾರೂ ಮುಟ್ಟದೆ ಈ ಆಯ್ಕೆಗಳು ತಾವಾಗಿ ಬದಲಾಗುವುದು ಹೇಗೆ? ಹಳೆಯ ಲ್ಯಾಪ್‌ಟಾಪುಗಳ ವಿಷಯದಲ್ಲಿ ಇದಕ್ಕೆ ಉತ್ತರ ಒಂದು ಬಿಲ್ಲೆಯಷ್ಟಿರುವ ಬ್ಯಾಟರಿ. ಮದರ್‌ಬೋರ್ಡಿನ ಮೇಲೆ 3 ವೋಲ್ಟಿನ ಇಂಥ ಪುಟ್ಟ ಬ್ಯಾಟರಿ ಇರುತ್ತದೆ. ಲ್ಯಾಪ್‌ಟಾಪ್ ಆರಿದ್ದಾಗಲೂ ಗಡಿಯಾರ ನಡೆಸುವುದು ಅದರ ಕೆಲಸ. ಅನೇಕ ಯಂತ್ರಗಳಲ್ಲಿ ಬಯಾಸಿನ ಸೆಟ್ಟಿಂಗುಗಳನ್ನು ಹಿಡಿದಿಡುವುದೂ ಅದೇ. ವರ್ಷಗಳು ಕಳೆದಂತೆ ಅದು ಬರಿದಾಗುತ್ತದೆ. ಆಗ ಸೆಟ್ಟಿಂಗುಗಳು ಕಾರ್ಖಾನೆಯಿಂದ ಬಂದಾಗ ಇದ್ದಂತೆ ಆಗಿಬಿಡುತ್ತವೆ. ಇದರ ಗುರುತು ಸುಲಭ: ದಿನಾಂಕ ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತದೆ. ದಿನಾಂಕ ತಪ್ಪಿ ಡಿಸ್ಕೂ ತೊಂದರೆ ಕೊಡುತ್ತಿದ್ದರೆ, ಮೊದಲು ಅನುಮಾನಿಸಬೇಕಾದ್ದು ಈ ಬ್ಯಾಟರಿಯನ್ನು.

ಹೀಗೆ ಬದಲಾಗುವ ಸೆಟ್ಟಿಂಗುಗಳಲ್ಲಿ ಇನ್ನೊಂದಿದೆ. ಸಾಟಾ ಮೋಡ್ ಎಂದು ಅದರ ಹೆಸರು; ಸಾಟಾ ಎಂದರೆ ಡಿಸ್ಕೂ ಮದರ್‌ಬೋರ್ಡೂ ಮಾತಾಡಿಕೊಳ್ಳುವ ಭಾಷೆ. ಅದರಲ್ಲಿ ಎಎಚ್‌ಸಿಐ, ಐಡಿಇ, ಕೆಲವೆಡೆ ರೇಡ್ ಎಂಬ ಆಯ್ಕೆಗಳಿರುತ್ತವೆ. ವಿಂಡೋಸನ್ನು ಒಂದರಲ್ಲಿ ಇನ್‌ಸ್ಟಾಲ್ ಮಾಡಿ, ಆಮೇಲೆ ಆಯ್ಕೆ ಇನ್ನೊಂದಕ್ಕೆ ಬದಲಾದರೆ, ವಿಂಡೋಸ್ ಅರ್ಧಕ್ಕೆ ಎದ್ದು ನೀಲಿ ಪರದೆ ತೋರಿಸಿ ನಿಲ್ಲುತ್ತದೆ. ಆಯ್ಕೆಯನ್ನು ಹಿಂದಿನದಕ್ಕೆ ತಿರುಗಿಸಿದರೆ ಯಂತ್ರ ಏನೂ ಆಗಿಲ್ಲವೆಂಬಂತೆ ಕೆಲಸಕ್ಕೆ ಮರಳುತ್ತದೆ. ಬಿಟ್‌ಲಾಕರ್ ಬೀಗ ಹಾಕಿರುವ ಕಚೇರಿ ಲ್ಯಾಪ್‌ಟಾಪುಗಳಲ್ಲಿ ಮಾತ್ರ ಹುಷಾರಾಗಿರಬೇಕು. ಬಯಾಸ್ ಬದಲಾದರೆ ಅದು 48 ಅಂಕಿಗಳ ಕೀಲಿ ಕೇಳಬಹುದು. ಆ ಕೀಲಿ ಎಲ್ಲಿದೆ ಎಂದು ಗೊತ್ತಾದ ಮೇಲೆ ಕೈ ಹಾಕುವುದು ಕ್ಷೇಮ.

ಇಲ್ಲಿಗೆ ಒಂದು ದಾರಿ ಮುಗಿಯಿತು. ಹೆಸರು ಕಂಡರೆ ಸೆಟ್ಟಿಂಗುಗಳನ್ನು ನೋಡಿ, ಆಮೇಲೆ ವಿಂಡೋಸನ್ನು ನೋಡಿ. ಈಗ ಕಷ್ಟದ ದಾರಿ. ಬಯಾಸಿನಲ್ಲಿ ಡಿಸ್ಕಿನ ಹೆಸರೇ ಇಲ್ಲ.

ಆಗ ಮಾಡಬೇಕಾದ ಮೊದಲ ಕೆಲಸಕ್ಕೆ ಖರ್ಚಿಲ್ಲ. ಚಾರ್ಜರ್ ಕಿತ್ತು, ಬ್ಯಾಟರಿ ತೆಗೆಯಲು ಬರುವಂಥದಾದರೆ ಅದನ್ನೂ ತೆಗೆದು, ಆನ್ ಮಾಡುವ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿಯುವುದು. ಒಳಗೆ ಉಳಿದಿರುವ ವಿದ್ಯುತ್ ಅದರಿಂದ ಬರಿದಾಗುತ್ತದೆ. ಮತ್ತೆ ಜೋಡಿಸಿ ಹಾಕಿದಾಗ, ಗೊಂದಲದಲ್ಲಿ ಸಿಕ್ಕಿದ್ದ ಚಿಪ್ಪುಗಳು ಹೊಸದಾಗಿ ಶುರುವಾಗುತ್ತವೆ.

ಎರಡನೆಯ ಕೆಲಸ ಕಿವಿಯದು. ಫ್ಯಾನಿನ ಸದ್ದು ಏಳುವ ಮೊದಲೇ, ಕೀಲಿಮಣೆಯ ಪಕ್ಕದ ಅಂಗೈ ಊರುವ ಜಾಗಕ್ಕೆ ಕಿವಿ ಹತ್ತಿರ ತರಬೇಕು. ಹಳೆಯ ಲ್ಯಾಪ್‌ಟಾಪುಗಳಲ್ಲಿ ಡಿಸ್ಕ್ ಇರುವುದು ಹೆಚ್ಚಾಗಿ ಅದರ ಕೆಳಗೆ. ಆರೋಗ್ಯವಾಗಿರುವ ಡಿಸ್ಕ್ ಮೆಲ್ಲಗೆ ಗುಂಯ್ ಎಂದು ವೇಗ ಹಿಡಿಯುತ್ತದೆ. ಸದ್ದೇ ಇಲ್ಲದಿದ್ದರೆ ವಿದ್ಯುತ್ ತಲುಪುತ್ತಿಲ್ಲ, ಅಥವಾ ಡಿಸ್ಕಿನ ಹಸಿರು ಬೋರ್ಡ್ ಸುಟ್ಟಿದೆ. ಸಣ್ಣಗೆ ಬೀಪ್ ಬೀಪ್ ಎನ್ನುತ್ತಿದ್ದರೆ ಮೋಟಾರ್ ತಿರುಗಲು ಹೆಣಗುತ್ತಿದೆ. ಓದುವ ತಲೆ ತಟ್ಟೆಗೆ ಅಂಟಿಕೊಂಡಿರಬಹುದು. ಟಕ್, ಟಕ್, ಟಕ್ ಎಂದು ಒಂದೇ ತಾಳದಲ್ಲಿ ಬಡಿಯುತ್ತಿದ್ದರೆ, ತಲೆ ತಾನು ಹುಡುಕುವ ಗುರುತು ಸಿಗದೆ ಹಿಂದಕ್ಕೆ ಹೋಗಿ ಮತ್ತೆ ಮತ್ತೆ ಪ್ರಯತ್ನಿಸುತ್ತಿದೆ.

ಈ ಟಕ್ ಟಕ್ ಕೇಳಿದರೆ ಕೂಡಲೇ ಯಂತ್ರ ಆರಿಸಿ. ಇನ್ನೊಂದು ಸಲ ನೋಡೋಣ ಎಂಬ ಆಸೆ ಬೇಡ. ತಲೆಗೂ ತಟ್ಟೆಗೂ ನಡುವಿನ ಅಂತರ ಕೆಲವೇ ನ್ಯಾನೋಮೀಟರ್ ಎಂದು ಆಗಲೇ ನೋಡಿದೆವಲ್ಲ? ಜಖಂ ಆದ ತಲೆ ಆ ತಟ್ಟೆಯನ್ನು ಕೆರೆಯುತ್ತಿದ್ದರೆ, ಪ್ರತಿ ಸುತ್ತಿಗೂ ಯಾರದೋ ಫೋಟೋ, ಯಾರದೋ ಪತ್ರ ಪುಡಿಯಾಗುತ್ತಿರುತ್ತದೆ. ಡಿಸ್ಕನ್ನು ಫ್ರೀಜರಿನಲ್ಲಿಟ್ಟರೆ ಸರಿಹೋಗುತ್ತದೆ ಎಂಬ ಹಳೆಯ ಮಾತನ್ನೂ ನಂಬಬೇಡಿ. ಹೊರಗೆ ತೆಗೆದಾಗ ತಟ್ಟೆಯ ಮೇಲೆ ತೇವ ಕೂರುತ್ತದೆ. ಡಿಸ್ಕಿನ ಮುಚ್ಚಳವನ್ನು ಮನೆಯಲ್ಲಿ ಬಿಚ್ಚಲೂ ಕೂಡದು. ಧೂಳಿಲ್ಲದ ವಿಶೇಷ ಕೊಠಡಿಯಿರುವ ಡೇಟಾ ರಿಕವರಿ ಲ್ಯಾಬಿನವರ ಕೆಲಸ ಅದು.

ಸದ್ದಿನ ವಿಚಾರ ಇಷ್ಟಾಯಿತು. ಇನ್ನೊಂದು ಸಾಧ್ಯತೆ ಉಳಿದಿದೆ. ಸದ್ದು ಸರಿಯಾಗಿಯೇ ಇದೆ, ಡಿಸ್ಕ್ ಸರಾಗವಾಗಿ ತಿರುಗುತ್ತಿದೆ, ಆದರೂ ಬಯಾಸಿಗೆ ಕಾಣುತ್ತಿಲ್ಲ. ಆಗ ಅನುಮಾನ ದಾರಿಯ ಮೇಲೆ, ಅಂದರೆ ಕೇಬಲಿನ ಮೇಲೆ ಬೀಳಬೇಕು.

ಇದಕ್ಕೆ ಜಗತ್ತಿನಾದ್ಯಂತ ರಿಪೇರಿ ಮಾಡುವವರಿಗೆ ಗೊತ್ತಿರುವ ಉದಾಹರಣೆ ಇದೆ. ಆಪಲ್ 2012ರ ಮಧ್ಯದಲ್ಲಿ ತಂದ 13 ಇಂಚಿನ ಮ್ಯಾಕ್‌ಬುಕ್ ಪ್ರೊ. ಸಿಡಿ ಹಾಕುವ ಕಿಂಡಿಯಿದ್ದ, ಡಿಸ್ಕನ್ನೂ ಮೆಮೊರಿಯನ್ನೂ ಬಳಕೆದಾರರೇ ಬದಲಿಸಬಹುದಾಗಿದ್ದ ಮಾದರಿ ಅದು. 2016ರವರೆಗೂ ಮಾರಾಟದಲ್ಲಿತ್ತು. ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಇವತ್ತಿಗೂ ಇದೆ. ಅದರಲ್ಲಿ ಡಿಸ್ಕಿನಿಂದ ಮದರ್‌ಬೋರ್ಡಿಗೆ ಕಾಗದದಂತೆ ತೆಳುವಾದ ಪಟ್ಟಿ ಕೇಬಲ್ ಹೋಗುತ್ತದೆ. ಅಲ್ಯೂಮಿನಿಯಂ ಮೈಗೆ ಒತ್ತಿಕೊಂಡು, ಒಂದೆರಡು ಕಡೆ ಗಟ್ಟಿಯಾಗಿ ಮಡಚಿಕೊಂಡು ಸಾಗುವ ಪಟ್ಟಿ. ವರ್ಷಗಳು ಕಳೆದಂತೆ ಒಳಗಿನ ಕೂದಲೆಳೆಯ ತಂತಿಗಳು ಸವೆಯುತ್ತವೆ. ಮೊದಲು ಯಂತ್ರ ನಿಧಾನವಾಗುತ್ತದೆ. ಆಮೇಲೆ ಒಂದು ದಿನ ಪ್ರಶ್ನಾರ್ಥಕ ಚಿಹ್ನೆಯ ಫೋಲ್ಡರ್ ಮಿನುಗುತ್ತದೆ.

ಹೀಗಾದಾಗ ಅನೇಕರು ಹೊಸ ಎಸ್‌ಎಸ್‌ಡಿ, ಅಂದರೆ ತಿರುಗುವ ತಟ್ಟೆಯಿಲ್ಲದ ಡಿಸ್ಕ್, ಕೊಂಡು ಹಾಕಿದರು. ಅದೂ ಕಾಣಲಿಲ್ಲ. ಇನ್ನು ಕೆಲವರಿಗೆ ಒಂದಷ್ಟು ದಿನ ಕಂಡು ಮತ್ತೆ ಮಾಯವಾಯಿತು. ಮಾಯವಾದ ಅದೇ ಡಿಸ್ಕನ್ನು ಯುಎಸ್‌ಬಿ ಮೂಲಕ ಹೊರಗಿನಿಂದ ಜೋಡಿಸಿದರೆ ಒಂದು ಕಡತವೂ ಕಳೆಯದೆ ತೆರೆದುಕೊಂಡಿತು. ಕೇಬಲ್ ಬದಲಿಸುವ ಕೆಲಸಕ್ಕೆ ಕೆಳಗಿನ ಮುಚ್ಚಳದ ಹತ್ತು ಸ್ಕ್ರೂ ಬಿಚ್ಚಬೇಕು, ಬ್ಯಾಟರಿಯ ಸಂಪರ್ಕ ತಪ್ಪಿಸಬೇಕು, ಹೊಸ ಪಟ್ಟಿ ಕೂರಿಸಬೇಕು. ಅನುಭವಿ ರಿಪೇರಿಯವರು ಹೊಸ ಕೇಬಲಿನ ಕೆಳಗೆ, ಲೋಹಕ್ಕೆ ತಾಗುವ ಕಡೆ, ಒಂದು ಪದರ ಇನ್ಸುಲೇಷನ್ ಟೇಪ್ ಅಂಟಿಸುತ್ತಾರೆ.

ಬೇರೆ ಕಂಪನಿಗಳ ಲ್ಯಾಪ್‌ಟಾಪುಗಳಲ್ಲೂ ಈ ದಾರಿ ಹಲವು ಬಗೆಯಲ್ಲಿ ಕೆಡುತ್ತದೆ. ಸಾಟಾ ಡಿಸ್ಕಿನ ಬಾಯಲ್ಲಿ ಒಟ್ಟು 22 ಪಿನ್ನುಗಳಿರುತ್ತವೆ. ಏಳು ಮಾಹಿತಿಗೆ, ಹದಿನೈದು ವಿದ್ಯುತ್ತಿಗೆ. ಲ್ಯಾಪ್‌ಟಾಪ್ ಕೆಳಗೆ ಬಿದ್ದಾಗ, ಬಸ್ಸಿನ ಕುಲುಕಾಟದಲ್ಲಿ, ಅಥವಾ ಕರಾವಳಿಯ ಉಪ್ಪುಗಾಳಿಗೆ ಪಿನ್ನು ಮಂಕಾದಾಗ ಈ ಹಿಡಿತ ತಪ್ಪುತ್ತದೆ. ಡಿಸ್ಕನ್ನು ಹೊರಗೆಳೆದು ಮತ್ತೆ ಗಟ್ಟಿಯಾಗಿ ಕೂರಿಸಿದಷ್ಟಕ್ಕೇ ಸರಿಹೋಗುವುದುಂಟು. ಇನ್ನೊಂದು ಸೂಕ್ಷ್ಮ ಇದೆ. ಹಳೆಯ ಹಾರ್ಡ್ ಡಿಸ್ಕುಗಳ ದಪ್ಪ ಸಾಮಾನ್ಯವಾಗಿ 9.5 ಮಿಲಿಮೀಟರ್. ಹೊಸ ಎಸ್‌ಎಸ್‌ಡಿಗಳದು 7 ಮಿಲಿಮೀಟರ್. ಹಳೆಯ ಗೂಡಿನಲ್ಲಿ ತೆಳು ಡಿಸ್ಕನ್ನು ಹಾಗೇ ಇಟ್ಟರೆ ಅದು ಅಲುಗಾಡಿ ಸಂಪರ್ಕ ಕಳೆದುಕೊಳ್ಳಬಹುದು. ಅದಕ್ಕೆಂದೇ ಒಂದು ಪ್ಲಾಸ್ಟಿಕ್ ಚೌಕಟ್ಟು ಸಿಗುತ್ತದೆ.

ಇಲ್ಲಿಯವರೆಗಿನ ಸಾರ ಹೀಗಿದೆ. ಹೆಸರು ಕಾಣದಿದ್ದರೆ ವಿದ್ಯುತ್ ಬರಿದು ಮಾಡಿ, ಸದ್ದು ಕೇಳಿ, ಕೇಬಲನ್ನು ಅನುಮಾನಿಸಿ. ಈಗ ತಪ್ಪು ಡಿಸ್ಕಿನದೋ ದಾರಿಯದೋ ಎಂದು ತೀರ್ಮಾನ ಕೊಡುವ ಪರೀಕ್ಷೆ. ಡಿಸ್ಕನ್ನು ಹೊರಗೆ ತೆಗೆದು ಇನ್ನೊಂದು ಕಂಪ್ಯೂಟರಿಗೆ ಜೋಡಿಸುವುದು.

ಈ ವಿಷಯದಲ್ಲಿ ಹಳೆಯ ಲ್ಯಾಪ್‌ಟಾಪಿಗೆ ಒಂದು ದೊಡ್ಡ ಅನುಕೂಲವಿದೆ. ಇವತ್ತಿನ ಹಲವು ತೆಳು ಯಂತ್ರಗಳಲ್ಲಿ ಡಿಸ್ಕ್ ಮದರ್‌ಬೋರ್ಡಿಗೇ ಬೆಸುಗೆಯಾಗಿರುತ್ತದೆ. ಬೋರ್ಡ್ ಕೆಟ್ಟರೆ ಕಡತಗಳನ್ನು ಬೇರ್ಪಡಿಸಿ ತೆಗೆಯುವುದು ತೀರಾ ಕಷ್ಟ. ಹಳೆಯದರಲ್ಲಿ ಒಂದು ಸ್ಕ್ರೂಡ್ರೈವರ್ ಇದ್ದರೆ ಡಿಸ್ಕ್ ಕೈಗೆ ಬರುತ್ತದೆ. ಅದಕ್ಕೆ ಬೇಕಾದ ಯುಎಸ್‌ಬಿ ಕೇಸ್ ಅಥವಾ ಸಾಟಾದಿಂದ ಯುಎಸ್‌ಬಿಗೆ ಬದಲಿಸುವ ಕೇಬಲ್ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಷ್ಟೇ ಅಲ್ಲ, ಜಿಲ್ಲಾ ಕೇಂದ್ರಗಳ ಕಂಪ್ಯೂಟರ್ ಅಂಗಡಿಗಳಲ್ಲೂ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಬಿಚ್ಚುವ ಮೊದಲು ಚಾರ್ಜರ್ ಕೀಳಬೇಕು, ಬ್ಯಾಟರಿ ಬೇರೆ ಮಾಡಬೇಕು. ಬ್ಯಾಟರಿ ಉಬ್ಬಿದ್ದರೆ ಅದನ್ನು ಚುಚ್ಚದೆ, ಒತ್ತದೆ, ತಿಳಿದವರ ಕೈಗೆ ಕೊಡಬೇಕು.

ಜೋಡಿಸುವಾಗ ವಿದ್ಯುತ್ತಿನ ಲೆಕ್ಕವೂ ಗಮನದಲ್ಲಿರಲಿ. ಹಳೆಯ ಯುಎಸ್‌ಬಿ ಕಿಂಡಿ ಅರ್ಧ ಆಂಪಿಯರ್ ಮಾತ್ರ ಕೊಡಲು ಬದ್ಧ. ನೀಲಿ ಬಣ್ಣದ ಯುಎಸ್‌ಬಿ 3 ಕಿಂಡಿ ಸುಮಾರು 0.9 ಆಂಪಿಯರ್ ಕೊಡುತ್ತದೆ. ಹಾರ್ಡ್ ಡಿಸ್ಕ್ ಮೊದಲ ಸುತ್ತು ತಿರುಗುವಾಗ ಒಂದು ಆಂಪಿಯರ್‌ವರೆಗೂ ಎಳೆಯಬಹುದು. ಹಳೆಯ ಕಿಂಡಿಯಲ್ಲಿ ಕಾಣದ ಡಿಸ್ಕ್ ನೀಲಿ ಕಿಂಡಿಯಲ್ಲಿ ಕಾಣಿಸಿಕೊಂಡರೆ ಆಶ್ಚರ್ಯವಿಲ್ಲ.

ಹೊರಗೆ ಡಿಸ್ಕ್ ಕಂಡಿತೇ? ಹಾಗಾದರೆ ಡಿಸ್ಕ್ ನಿರಪರಾಧಿ. ತಪ್ಪು ಲ್ಯಾಪ್‌ಟಾಪಿನ ಕೇಬಲಿನದು ಅಥವಾ ಮದರ್‌ಬೋರ್ಡಿನದು. ಇದೇ ಹೊತ್ತಿನಲ್ಲಿ, ಬೇರೇನೂ ಮಾಡುವ ಮೊದಲು, ಕಡತಗಳನ್ನು ನಕಲು ಮಾಡಿಕೊಳ್ಳಬೇಕು. ಕೆಲವೊಮ್ಮೆ ಡಿಸ್ಕ್ ಕಾಣುತ್ತದೆ, ಆದರೆ ‘ಫಾರ್ಮ್ಯಾಟ್ ಮಾಡಬೇಕೇ?’ ಎಂದು ವಿಂಡೋಸ್ ಕೇಳುತ್ತದೆ. ಬೇಡ ಎನ್ನಿ. ಕಡತಗಳ ಪಟ್ಟಿ ಕೆಟ್ಟಿದೆ ಎಂಬುದಷ್ಟೇ ಅದರ ಅರ್ಥ ಇರಬಹುದು. ಟೆಸ್ಟ್‌ಡಿಸ್ಕ್, ಫೋಟೋರೆಕ್ ಎಂಬ ಉಚಿತ ತಂತ್ರಾಂಶಗಳು ಇಂಥ ಡಿಸ್ಕಿನಿಂದ ಕಡತಗಳನ್ನು ಹುಡುಕಿ ತೆಗೆಯುತ್ತವೆ.

ಇಲ್ಲಿಯವರೆಗೆ ಮಾತೆಲ್ಲ ತಿರುಗುವ ಡಿಸ್ಕಿನದಾಯಿತು. ಈಗ ತಿರುಗದ, ಸದ್ದಿಲ್ಲದ ಎಸ್‌ಎಸ್‌ಡಿಯ ಕಡೆ ಬರೋಣ. ಹಳೆಯ ಲ್ಯಾಪ್‌ಟಾಪಿಗೆ ಎಸ್‌ಎಸ್‌ಡಿ ಹಾಕಿಸಿಕೊಂಡವರು ಈಗ ಬಹಳ ಜನ ಇದ್ದಾರೆ.

ಎಸ್‌ಎಸ್‌ಡಿ ಕಾಣೆಯಾಗಲು ಅದರ ಒಳಗಿನ ತಂತ್ರಾಂಶವೇ ಕಾರಣವಾದ ಉದಾಹರಣೆಗಳು ದಾಖಲಾಗಿವೆ. ಕ್ರೂಷಿಯಲ್ ಕಂಪನಿಯ ಎಂ 4 ಎಂಬ ಎಸ್‌ಎಸ್‌ಡಿ ಒಟ್ಟು ಸುಮಾರು 5200 ಗಂಟೆ ಕೆಲಸ ಮಾಡಿದ ಮೇಲೆ ಉತ್ತರಿಸುವುದನ್ನು ನಿಲ್ಲಿಸುತ್ತಿತ್ತು. ಯಂತ್ರ ಆರಿಸಿ ಹಾಕಿದರೆ ಮತ್ತೆ ಕಾಣುತ್ತಿತ್ತು, ಒಂದು ಗಂಟೆಯ ನಂತರ ಮತ್ತೆ ಮಾಯ. ಗಂಟೆಗಳನ್ನು ಎಣಿಸುವ ಲೆಕ್ಕದಲ್ಲಿ ದೋಷವಿತ್ತು. 2012ರ ಜನವರಿಯಲ್ಲಿ ಕಂಪನಿ ತಿದ್ದಿದ ತಂತ್ರಾಂಶ ಕೊಟ್ಟಿತು. ಇಂಟೆಲ್ 320 ಎಂಬ ಎಸ್‌ಎಸ್‌ಡಿಯಲ್ಲಿ 2011ರಲ್ಲಿ ಇನ್ನೊಂದು ವಿಚಿತ್ರ ಕಂಡಿತು. ವಿದ್ಯುತ್ ಥಟ್ಟನೆ ಹೋಗಿ ಬಂದರೆ ನೂರಾರು ಜಿಬಿ ಡಿಸ್ಕ್ ತನ್ನನ್ನು ಬರೀ 8 ಎಂಬಿ ಎಂದು ಪರಿಚಯಿಸಿಕೊಳ್ಳುತ್ತಿತ್ತು. ತಿರುಗುವ ಡಿಸ್ಕುಗಳೂ ಇದಕ್ಕೆ ಹೊರತಲ್ಲ. ಸೀಗೇಟ್ ಕಂಪನಿಯ ಬ್ಯಾರಕುಡಾ 7200.11 ಸಾಲಿನ ಡೆಸ್ಕ್‌ಟಾಪ್ ಡಿಸ್ಕುಗಳಲ್ಲಿ ಕೆಲವು 2008–09ರ ಸುಮಾರಿಗೆ ಇದ್ದಕ್ಕಿದ್ದಂತೆ ಬಯಾಸಿಗೆ ಕಾಣದಾದವು. ಒಳಗಿನ ಮಾಹಿತಿ ಹಾಗೇ ಇತ್ತು. ಡಿಸ್ಕಿನ ಸ್ವಂತ ದಾಖಲೆ ಪುಸ್ತಕದ ಎಣಿಕೆ ಒಂದು ನಿರ್ದಿಷ್ಟ ಸಂಖ್ಯೆಗೆ ಬಂದಿರುವಾಗ ಆನ್ ಮಾಡಿದರೆ ಅದು ಉತ್ತರಿಸಲಾಗದೆ ಸಿಕ್ಕಿಕೊಳ್ಳುತ್ತಿತ್ತು.

ವಿದ್ಯುತ್ ಥಟ್ಟನೆ ಹೋದ ಮೇಲೆ ಎಸ್‌ಎಸ್‌ಡಿ ಕಾಣೆಯಾದರೆ ಒಂದು ಪ್ರಯೋಗ ಮಾಡಬಹುದು. ಲ್ಯಾಪ್‌ಟಾಪನ್ನು ಬಯಾಸ್ ಪುಟದಲ್ಲಿ ತೆರೆದಿಟ್ಟು, ಏನನ್ನೂ ಮಾಡದೆ ಸುಮಾರು 20 ನಿಮಿಷ ಬಿಡುವುದು. ಆಮೇಲೆ ಅರ್ಧ ನಿಮಿಷ ಆರಿಸಿ, ಮತ್ತೊಮ್ಮೆ ಹಾಗೇ ಮಾಡುವುದು. ಎಸ್‌ಎಸ್‌ಡಿಗೆ ಆ ಹೊತ್ತಿನಲ್ಲಿ ತನ್ನ ಒಳಗಿನ ಪಟ್ಟಿಗಳನ್ನು ಮತ್ತೆ ಕಟ್ಟಿಕೊಳ್ಳಲು ಅವಕಾಶ ಸಿಗುತ್ತದೆ.

ಹೊಸದಾಗಿ ಕೊಂಡ ಎಸ್‌ಎಸ್‌ಡಿ ಕಾಣದಿದ್ದರೆ ಕಾರಣ ಬೇರೆಯೇ ಇರಬಹುದು. ಉದ್ದನೆಯ ಪಟ್ಟಿಯಂತಿರುವ ಎಂ.2 ಎಸ್‌ಎಸ್‌ಡಿಗಳಲ್ಲಿ ಎರಡು ಜಾತಿ. ಒಂದು ಸಾಟಾ ಭಾಷೆಯಲ್ಲಿ ಮಾತಾಡುತ್ತದೆ, ಇನ್ನೊಂದು ಎನ್‌ವಿಎಂಇ ಭಾಷೆಯಲ್ಲಿ. 2014–15ರ ಸುಮಾರಿನ ಕೆಲವು ಲ್ಯಾಪ್‌ಟಾಪುಗಳ ಎಂ.2 ಕಿಂಡಿಗೆ ಸಾಟಾ ಮಾತ್ರ ಅರ್ಥವಾಗುತ್ತದೆ. ಎನ್‌ವಿಎಂಇ ಪಟ್ಟಿ ಕಿಂಡಿಯಲ್ಲಿ ಕೂತರೂ ಯಂತ್ರಕ್ಕೆ ಕಾಣದು. ಕೊಳ್ಳುವ ಮೊದಲು ಮಾದರಿ ಸಂಖ್ಯೆ ಹಿಡಿದು ವಿಚಾರಿಸಬೇಕು.

ಎಸ್‌ಎಸ್‌ಡಿಯ ಮಾತೂ ಮುಗಿಯಿತು. ಇನ್ನು ಡಿಸ್ಕ್ ಸಿಕ್ಕಿದೆ, ಆದರೆ ಕಾಯಿಲೆ ಬಿದ್ದಿದೆ ಎನ್ನುವ ಸ್ಥಿತಿ.

1990ರ ದಶಕದ ನಡುವಿನಿಂದ ಡಿಸ್ಕುಗಳು ತಮ್ಮ ಆರೋಗ್ಯದ ದಿನಚರಿಯನ್ನು ತಾವೇ ಬರೆದಿಡುತ್ತವೆ. ಸ್ಮಾರ್ಟ್ ಎಂದು ಅದರ ಹೆಸರು. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ಇದನ್ನು ಓದಬಹುದು. ಕೆಟ್ಟ ಜಾಗದಿಂದ ಬೇರೆಡೆಗೆ ಸರಿಸಿದ ತುಣುಕುಗಳ ಲೆಕ್ಕ, ಓದಲಾಗದೆ ಬಾಕಿ ಉಳಿದ ತುಣುಕುಗಳ ಲೆಕ್ಕ ಅಲ್ಲಿರುತ್ತದೆ. 199ನೆಯ ಸಾಲಿನಲ್ಲಿ ಸಾಮಾನ್ಯವಾಗಿ ಇರುವುದು ದಾರಿಯಲ್ಲಿ ಕೆಟ್ಟ ಮಾಹಿತಿಯ ಎಣಿಕೆ. ಆ ಸಂಖ್ಯೆ ಏರುತ್ತಿದ್ದರೆ ಅದು ಕೇಬಲಿನ ದೂರು.

ಆದರೆ ಸ್ಮಾರ್ಟ್ ಚೆನ್ನಾಗಿದೆ ಎಂದ ಮಾತ್ರಕ್ಕೆ ನಿಶ್ಚಿಂತೆಯಿಂದ ಇರುವಂತಿಲ್ಲ. ಗೂಗಲ್ ಸಂಸ್ಥೆಯ ಸಂಶೋಧಕರು ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನು ಗಮನಿಸಿ 2007ರಲ್ಲಿ ವರದಿ ಪ್ರಕಟಿಸಿದರು. ಕೆಟ್ಟುಹೋದ ಡಿಸ್ಕುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು, ಸ್ಮಾರ್ಟ್‌ನ ನಾಲ್ಕು ಮುಖ್ಯ ಗುರುತುಗಳಲ್ಲಿ ಒಂದನ್ನೂ ತೋರಿಸದೆ ಕೆಟ್ಟಿದ್ದವು. ಅದೇ ವರದಿಯ ಇನ್ನೊಂದು ಮಾತು: ತಟ್ಟೆಯ ಪರಿಶೀಲನೆಯಲ್ಲಿ ಮೊದಲ ದೋಷ ಕಂಡ ಡಿಸ್ಕ್, ದೋಷ ಕಾಣದ ಡಿಸ್ಕಿಗಿಂತ ಎರಡು ತಿಂಗಳೊಳಗೆ ಕೆಡುವ ಸಾಧ್ಯತೆ ಸುಮಾರು 40 ಪಟ್ಟು ಹೆಚ್ಚು. ಅಂದರೆ ಎಚ್ಚರಿಕೆ ಬಂದರೆ ಕೂಡಲೇ ನಂಬಬೇಕು. ಬರಲಿಲ್ಲವೆಂದು ಮೈಮರೆಯಬಾರದು.

ಕಾಯಿಲೆ ಬಿದ್ದ ಡಿಸ್ಕಿನ ಮೇಲೆ ವಿಂಡೋಸಿನ ಚೆಕ್ ಡಿಸ್ಕ್ ಓಡಿಸುವುದು ಅಪಾಯ. ಅದು ಉಳಿದ ಜೀವವನ್ನೂ ಹೀರಬಹುದು, ಕಡತಗಳ ಪಟ್ಟಿಯನ್ನೂ ತಿದ್ದಿಬಿಡಬಹುದು. ಬದಲಿಗೆ ಲಿನಕ್ಸಿನ ಡಿಡಿರೆಸ್ಕ್ಯೂ ಎಂಬ ತಂತ್ರಾಂಶವಿದೆ. ಅದು ಸುಲಭವಾಗಿ ಓದಲು ಬರುವ ಜಾಗಗಳನ್ನೆಲ್ಲ ಮೊದಲು ಇನ್ನೊಂದು ಡಿಸ್ಕಿಗೆ ನಕಲು ಮಾಡಿ, ಕಷ್ಟದ ಜಾಗಗಳಿಗೆ ಕೊನೆಯಲ್ಲಿ ಮರಳುತ್ತದೆ. ಮುಂದಿನ ಹುಡುಕಾಟವೆಲ್ಲ ಆ ನಕಲಿನ ಮೇಲೆ. ಇದು ತಮ್ಮಿಂದಾಗದು ಎನ್ನುವವರು ಅಂಗಡಿಯವರಿಗೆ ಮೂರು ಮಾತು ಮೊದಲೇ ಹೇಳಿಬಿಡಲಿ. ಯಂತ್ರಕ್ಕಿಂತ ಕಡತ ಮುಖ್ಯ. ಕೇಳದೆ ಫಾರ್ಮ್ಯಾಟ್ ಮಾಡಬೇಡಿ. ಹಳೆಯ ಡಿಸ್ಕ್ ನನಗೆ ವಾಪಸ್ ಬೇಕು. ರಸೀದಿಯ ಮೇಲೆ ಇದನ್ನು ಬರೆಸಿಕೊಂಡರೆ ಇನ್ನೂ ಒಳ್ಳೆಯದು.

ಇಷ್ಟೂ ಕ್ರಮ ಒಟ್ಟಿಗೆ ಒಮ್ಮೆ ಕೇಳಿ. ಬಯಾಸಿನಲ್ಲಿ ಹೆಸರು ನೋಡುವುದು. ಇದ್ದರೆ ಸೆಟ್ಟಿಂಗ್, ಇಲ್ಲದಿದ್ದರೆ ಸದ್ದು ಮತ್ತು ಕೇಬಲ್. ಆಮೇಲೆ ಡಿಸ್ಕನ್ನು ಹೊರಗೆ ಜೋಡಿಸಿ ನೋಡುವುದು. ಕಂಡ ಕೂಡಲೇ ನಕಲು. ಉಳಿದದ್ದೆಲ್ಲ ಅನಂತರ.

ಕನ್ನಡದಲ್ಲಿ ಬರೆಯುವವರಿಗೆ ಇದರ ಮೇಲೆ ಇನ್ನೊಂದು ಹೆಜ್ಜೆ ಬಾಕಿ ಇರುತ್ತದೆ. ಹಳೆಯ ಲ್ಯಾಪ್‌ಟಾಪಿನಿಂದ ಕಡತ ಉಳಿಸಿಕೊಂಡು ಹೊಸ ಯಂತ್ರದಲ್ಲಿ ತೆರೆದರೆ, ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳು ಬರಬಹುದು. ಅಕ್ಷರಗಳ ನೆತ್ತಿಯ ಮೇಲೆ ಗೀಟು, ಟೋಪಿ, ಎರಡೆರಡು ಚುಕ್ಕಿ. ಕಡತ ಕೆಟ್ಟೇಹೋಯಿತು ಎಂದು ಜನ ಅದನ್ನು ಅಳಿಸಿಬಿಡುತ್ತಾರೆ. ಅಲ್ಲಿ ಕೆಟ್ಟಿರುವುದು ಏನೂ ಇಲ್ಲ. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ, ಶೇಷಾದ್ರಿವಾಸು ಅವರು 1998ರಲ್ಲಿ ತಂದ ಬರಹ, ಇವುಗಳ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಕೇತ ಸಂಖ್ಯೆಗಳನ್ನೇ ಬಳಸಿ ಕನ್ನಡದ ತುಣುಕುಗಳನ್ನು ತೋರಿಸುತ್ತಿದ್ದವು. ಆ ಫಾಂಟ್ ಇಲ್ಲದ ಯಂತ್ರ ಇಂಗ್ಲಿಷನ್ನೇ ತೋರಿಸುತ್ತದೆ. ಹಳೆಯ ಡಿಸ್ಕಿನ ವಿಂಡೋಸ್ ಫೋಲ್ಡರಿನೊಳಗೆ ಫಾಂಟ್ಸ್ ಎಂಬ ಫೋಲ್ಡರ್ ಇದೆ. ಕಡತಗಳ ಜೊತೆ ಅದನ್ನೂ ನಕಲು ಮಾಡಿಕೊಂಡು, ಆ ಫಾಂಟುಗಳನ್ನು ಹೊಸ ಯಂತ್ರಕ್ಕೆ ಹಾಕಿದರೆ ಬರಹ ಮತ್ತೆ ಕನ್ನಡವಾಗುತ್ತದೆ. ಆಮೇಲೆ ಯೂನಿಕೋಡಿಗೆ ಬದಲಿಸುವ ತಂತ್ರಾಂಶದಿಂದ ಪರಿವರ್ತಿಸಿ, ಒತ್ತಕ್ಷರ, ಅರ್ಕಾವೊತ್ತುಗಳು ಜಾಗ ತಪ್ಪಿವೆಯೇ ಎಂದು ಒಂದೆರಡು ಪುಟ ಓದಿ ನೋಡಬೇಕು. ಪರಿವರ್ತಿಸಿದ ಪ್ರತಿಯನ್ನು ಎರಡು ಕಡೆ ಇಟ್ಟು, ಹಳೆಯ ಪ್ರತಿಯನ್ನೂ ಹಾಗೇ ಉಳಿಸಿಕೊಂಡಿರಿ.